ಎರಡು ಏಣಿಯ ಗಾಡಿ

ಮೊದಲು ಬಂದದ್ದು ಚಕ್ರಗಳು. ಗಾಡಿ ಹೇಗಿರಬೇಕು ಎಂಬುದು ಇನ್ನೂ ಯಾರ ತಲೆಯಲ್ಲೂ ಪೂರ್ತಿ ಮೂಡಿರಲಿಲ್ಲ, ಅಷ್ಟರಲ್ಲಿ ಪಂಕ್ಚರ್ ಅಂಗಡಿಯವನು ಎರಡು ಸೈಕಲ್ ಚಕ್ರಗಳನ್ನು ಎಡಗೈಲೊಂದು ಬಲಗೈಲೊಂದು ಉರುಳಿಸಿಕೊಂಡು ಹಿತ್ತಲಿಗೆ ಬಂದುಬಿಟ್ಟ.

"ಟೈಲರಕ್ಕಾ, ಇವು ಒಂದೇ ಸೈಕಲ್ಲಿನವಲ್ಲ. ಬೇರೆ ಬೇರೆ ಮನೆಯವು. ಆದ್ರೆ ಎತ್ತರ ಒಂದೇ. ಹೊಂದ್ಕೊಂಡು ಹೋಗ್ತವೆ" ಅಂದ.

"ಹೊಂದ್ಕೊಂಡು ಹೋಗ್ದಿದ್ರೆ?" ಒಳಗಿನಿಂದ ಅತ್ತೆಯ ದನಿ ಬಂತು.

"ಹೋಗ್ದಿದ್ರೆ ಗಾಡಿ ಒಂದು ಸುತ್ತು ಹಾಕ್ಕೊಂಡು ಮತ್ತೆ ನಿಮ್ಮ ಹಿತ್ತಲಿಗೇ ಬರುತ್ತೆ ಅಜ್ಜಿ. ಕಳೆದುಹೋಗೋ ಭಯ ಇಲ್ಲ."

ಟೈಲರಮ್ಮ ನಗಲಿಲ್ಲ. ಕೆಲಸದ ಮೇಲೆ ಕಣ್ಣಿಟ್ಟಾಗ ಅವಳಿಗೆ ನಗು ತಡವಾಗಿ ಬರುತ್ತಿತ್ತು. ಒಂದು ಚಕ್ರದ ಅಚ್ಚನ್ನು ಎರಡೂ ಕಡೆ ಹಿಡಿದು ಎತ್ತಿ, ಮೊಣಕೈಯಿಂದ ತಟ್ಟಿ ತಿರುಗಿಸಿದಳು. ಚಕ್ರ ಸರಭರನೆ ಸುತ್ತಿತು. ಒಂದು ಕಡೆ ಸ್ವಲ್ಪ ವಾಲಾಡುತ್ತಿತ್ತು.

"ಕಡ್ಡಿ ಬಿಗಿ ಮಾಡಿಕೊಡ್ತೀನಿ" ಎಂದು ಅವನು ಅವಳು ಕೇಳುವ ಮೊದಲೇ ಹೇಳಿದ. ಆಗ ಅವಳು ನಕ್ಕಳು. ಇನ್ನು ಹಿಂದೆ ಸರಿಯುವ ಮಾತಿಲ್ಲ ಎಂದು ಅವಳಿಗೆ ಗೊತ್ತಾಯಿತು. ಮನೆಗೆ ಚಕ್ರ ಬಂದಾಗಿತ್ತು.

ಅವಳ ಹೊಲಿಗೆ ಮಿಷಿನ್ನು ಇದ್ದದ್ದು ಗಲ್ಲಿಯ ಕಟ್ಟಕಡೆಯ ಮನೆಯ ಮುಂದಿನ ಕೋಣೆಯಲ್ಲಿ. ಹಿಂದೆ ಜನ ಅಲ್ಲಿಗೇ ನಡೆದು ಬರುತ್ತಿದ್ದರು. ಬಸ್ಸು ನಿಲ್ಲುವ ಕಡೆ ರೆಡಿಮೇಡ್ ಬಟ್ಟೆಯವನು ಅಂಗಡಿ ಇಟ್ಟ ಮೇಲೆ ಗಲ್ಲಿಯೊಳಗೆ ಅಷ್ಟು ದೂರ ಬರುವವರು ಕಡಿಮೆಯಾದರು. ಬಂದರೂ ಕಿತ್ತ ಗುಂಡಿ, ಹರಿದ ಜೇಬು, ಅಷ್ಟೆ. ಮಿಷಿನ್ನಿಗೆ ಎಣ್ಣೆ ಬಿಟ್ಟು, ಒರೆಸಿ, ಬಟ್ಟೆಯಿಲ್ಲದೆ ಸುಮ್ಮನೆ ಒಂದಿಷ್ಟು ಓಡಿಸಿ ಮುಚ್ಚಿಡುವ ದಿನಗಳು ಹೆಚ್ಚಾದವು. ಆ ಸದ್ದು ಅವಳಿಗೆ ಸೇರುತ್ತಿರಲಿಲ್ಲ. ಖಾಲಿ ಹೊಟ್ಟೆಯಲ್ಲಿ ತೇಗಿದ ಹಾಗಿದೆ ಅನ್ನುತ್ತಿದ್ದಳು. ಲಾರಿ ಓಡಿಸುವ ಗಂಡ ಊರಲ್ಲಿದ್ದ ದಿನ, "ಮಿಷಿನ್ ಮಾರಿಬಿಡು ಅಂತ ನಾನು ಹೇಳಲ್ಲ, ಆದ್ರೆ ನೀನು ಅದರ ಮುಂದೆ ಹೀಗೆ ಕೂತಿರೋದು ನೋಡೋಕಾಗಲ್ಲ" ಎಂದಿದ್ದ.

ಸಂತೆಯ ಗೇಟಿನ ಒಳಗೆ, ನಲ್ಲಿಯ ಪಕ್ಕ ಒಂದು ಜಾಗ ಖಾಲಿಯಾಗಿದೆ ಎಂಬ ಸುದ್ದಿ ಹೀಗಿರುವಾಗ ಬಂತು. ಕತ್ತಿ ಸಾಣೆ ಹಿಡಿಯುವವನು ಅಲ್ಲಿ ನಿಲ್ಲುತ್ತಿದ್ದ, ಈಗ ಮಗಳ ಊರಿಗೆ ಹೋಗಿ ಉಳಿದುಬಿಟ್ಟಿದ್ದ. ಟೈಲರಮ್ಮ ಅದೇ ಸಂಜೆ ಸಂತೆ ಮೇಸ್ತ್ರಿಯನ್ನು ಕಂಡಳು. ಕತ್ತಿನಲ್ಲಿ ಸೀಟಿ ತೂಗುಹಾಕಿಕೊಂಡ, ಮಾತು ಕಮ್ಮಿಯ ಮನುಷ್ಯ. ಇಡೀ ಸಂತೆ ಅವನ ಸೀಟಿಗೆ ತೆರೆದು ಅವನ ಸೀಟಿಗೆ ಮುಚ್ಚುತ್ತಿತ್ತು.

"ಗೇಟಿನ ಹತ್ರ ನೆಲದ ಮೇಲೆ ಏನೂ ಹರಡೋ ಹಾಗಿಲ್ಲಮ್ಮ. ಲಾರಿ ಬಂದ್ರೆ ಸರ್ಕೊಳ್ಳಬೇಕು. ಚಕ್ರ ಇರೋರಿಗೆ ಮಾತ್ರ ಆ ಜಾಗ."

"ಚಕ್ರ ತರ್ತೀನಿ."

"ಬರೋ ಸಂತೆ ದಿನ ನಾನು ಸೀಟಿ ಊದಿ ಗೇಟ್ ತೆಗೆಯೋ ಹೊತ್ತಿಗೆ ಗಾಡಿ ಬಾಗಿಲಲ್ಲಿ ನಿಂತಿರಬೇಕು. ಇಲ್ಲಾಂದ್ರೆ ಆ ರೆಡಿಮೇಡಿನವನು ಕೇಳ್ತಾನೇ ಇದ್ದಾನೆ. ಅವನ ಹತ್ರ ಗಾಡಿ ರೆಡಿ ಇದೆ. ಒಂದು ಸಲ ಅವನು ನಿಂತ ಅಂದ್ರೆ ಆಮೇಲೆ ನನ್ನ ಹತ್ರ ಬಂದು ಅಳಬೇಡ."

"ನಾನು ಅಳೋಳಲ್ಲ. ಅಳೆಯೋಳು" ಎಂದು ಹೇಳಿ ಅವಳು ಮನೆಗೆ ಬಂದಳು. ಆದರೆ ದಾರಿಯುದ್ದಕ್ಕೂ ಎದೆ ಮಿಷಿನ್ನಿನ ಸೂಜಿಯ ಹಾಗೆ ಹೊಡೆದುಕೊಳ್ಳುತ್ತಿತ್ತು.

ಗಾಡಿ ಮಾಡಲು ಮನೆಯಲ್ಲೇ ಒಬ್ಬ ಇದ್ದ. ಮೈದುನ. ಅವನು ಏಣಿ ಮಾಡುವವನು. ಏಣಿ ಬಿಟ್ಟು ಬೇರೇನೂ ಮಾಡುವವನಲ್ಲ. ಊರಲ್ಲಿ ಎಲ್ಲರೂ ಅವನನ್ನು ಏಣಿ ಎಂದೇ ಕರೆಯುತ್ತಿದ್ದರು. ಉದ್ದಕ್ಕೆ, ತೆಳ್ಳಗೆ ಇದ್ದುದರಿಂದ ಆ ಹೆಸರು ಎರಡು ಕಡೆಯಿಂದಲೂ ಒಪ್ಪುತ್ತಿತ್ತು. ಬಾವಿಗೆ ಇಳಿಯುವ ಏಣಿ, ಹುಲ್ಲಿನ ಬಣವೆಗೆ ಹತ್ತುವ ಏಣಿ, ಅಟ್ಟದ ಏಣಿ. ಒಂದಕ್ಕೂ ಮೊಳೆ ಹೊಡೆಯುತ್ತಿರಲಿಲ್ಲ. ಪಕ್ಕದ ಮರಕ್ಕೆ ತೂತು ಕೊರೆದು, ಮೆಟ್ಟಿಲು ತೂರಿಸಿ, ತುದಿ ಸೀಳಿ ಬೆಣೆ ಬಡಿಯುವುದು. ಬಡಿದ ಮೇಲೆ ಅದು ಮುರಿಯಬೇಕೇ ಹೊರತು ಬಿಚ್ಚುವಂತಿಲ್ಲ.

"ಅತ್ತಿಗೆ, ನಂಗೆ ಗಾಡಿ ಬರಲ್ಲ" ಎಂದ ಅವನು, ಚಕ್ರಗಳ ಸುತ್ತ ಒಂದು ಸುತ್ತು ಬಂದು.

"ನಿಂಗೆ ಏನು ಬರುತ್ತೋ ಅದನ್ನೇ ಮಾಡು."

"ನಂಗೆ ಏಣಿ ಬರುತ್ತೆ."

"ಹಾಗಾದ್ರೆ ಏಣಿನೇ ಮಾಡು. ಮಲಗಿಸಿಬಿಡು. ಚಕ್ರ ಸಿಗಿಸು."

ಅವನು ಇದನ್ನು ತಮಾಷೆ ಎಂದುಕೊಂಡು ನಕ್ಕ. ಆಮೇಲೆ ನಗು ನಿಂತಿತು. ಕೊಟ್ಟಿಗೆಯ ಗೋಡೆಗೆ ಒರಗಿಸಿಟ್ಟ ಎರಡು ಕಿರಿದಾದ ಏಣಿಗಳ ಕಡೆ ನೋಡಿದ. ಯಾರೋ ಬಾವಿಗೆಂದು ಮಾಡಿಸಿ, ಬಾವಿ ಮುಚ್ಚಿಸಿ, ತೆಗೆದುಕೊಂಡು ಹೋಗದೆ ಬಿಟ್ಟ ಏಣಿಗಳು ಅವು. ಒಂದನ್ನು ತಂದು ಅಂಗಳದಲ್ಲಿ ಅಡ್ಡ ಮಲಗಿಸಿದ. ಒಂದು ಚಕ್ರ ತಂದು ಎರಡು ಮೆಟ್ಟಿಲುಗಳ ನಡುವೆ ನಿಲ್ಲಿಸಿದ. ಮಧ್ಯದ ಒಂದು ಮೆಟ್ಟಿಲು ಕೊಯ್ದು ತೆಗೆದರೆ ಚಕ್ರ ಏಣಿಯೊಳಗೇ ಕೂರುತ್ತದೆ. ಅಚ್ಚು ಎರಡು ಪಕ್ಕದ ಮರದ ಮೇಲೆ ಕೂರುತ್ತದೆ. ಇನ್ನೊಂದು ಏಣಿಗೆ ಇನ್ನೊಂದು ಚಕ್ರ. ಎರಡು ಏಣಿಗೂ ಅಡ್ಡಮರ ಹಾಕಿ ಜೋಡಿಸಿ, ಕಾಲು ಕೊಟ್ಟು ಎತ್ತರಿಸಿ, ಮೇಲೆ ಹಲಗೆ ಹಾಸಿದರೆ ಮೇಜಾಯಿತು. ಏಣಿಯ ಹಿಂದಿನ ತುದಿಗಳೇ ಹಿಡಿ.

"ಅತ್ತಿಗೆ" ಎಂದ ಮೆಲ್ಲಗೆ. "ಇದು ಆಗುತ್ತೆ."

ಅಲ್ಲಿಂದ ಆ ಮನೆಯಲ್ಲಿ ಯಾರಿಗೂ ನೆಟ್ಟಗೆ ಕೂತು ಉಣ್ಣುವ ವ್ಯವಧಾನ ಉಳಿಯಲಿಲ್ಲ. ಮೈದುನ ಒಂದು ಕೈಯಲ್ಲಿ ರೊಟ್ಟಿ ಹಿಡಿದುಕೊಂಡೇ ಬೈರಿಗೆ ತಿರುಗಿಸಲು ಹೋಗಿ ಬೈಸಿಕೊಂಡ. ಟೈಲರಮ್ಮ ಹಲಗೆಗಾಗಿ ಮನೆಯೆಲ್ಲ ಹುಡುಕಿ ಕಡೆಗೆ ಅತ್ತೆಯ ಹಳೆಯ ಕಾಳಿನ ಪೆಟ್ಟಿಗೆಯ ಮುಂದೆ ನಿಂತಳು. ತಳಕ್ಕೆ ಗೆದ್ದಲು ಹಿಡಿದಿತ್ತು. ಪಕ್ಕದ ಹಲಗೆಗಳು ಮಾತ್ರ ಇನ್ನೂ ಗಂಟೆಯ ಹಾಗೆ ಸದ್ದು ಮಾಡುತ್ತಿದ್ದವು.

"ಅದನ್ನ ಮುಟ್ಟಬೇಡ. ಅದು ನನ್ನ ಅಮ್ಮ ಕೊಟ್ಟಿದ್ದು" ಎಂದಳು ಅತ್ತೆ.

"ಮುಟ್ಟಲ್ಲ ಅತ್ತೆ. ಬರೀ ನೋಡ್ತಿದೀನಿ."

"ನೀನು ನೋಡಿದ್ದು ಯಾವುದು ಉಳಿದಿದೆ ಈ ಮನೇಲಿ? ನನ್ನ ಪರದೆ ನೋಡಿದೆ, ಚೀಲ ಆಯ್ತು. ನನ್ನ ಹಾಸಿಗೆ ನೋಡಿದೆ, ದಿಂಬು ಆಯ್ತು." ಪೆಟ್ಟಿಗೆಯ ಮುಚ್ಚಳ ಎತ್ತಿ ಒಳಗೆ ಇಣುಕಿದಳು. "ಒಳಗಿನ ಗೋಣಿಚೀಲ ಎಲ್ಲ ತೆಗೆದಿಡು ಮೊದಲು. ಹಲಗೆ ಕೀಳುವಾಗ ನಾನು ಎದುರಿಗೆ ಇರಲ್ಲ. ಪಕ್ಕದ ಮನೆಗೆ ಹೋಗ್ತೀನಿ. ಮೊಣಕಾಲು ಬೇರೆ ಹಿಡ್ಕೊಂಡಿದೆ."

ಅತ್ತೆಯ ಮೊಣಕಾಲು ಬೇಡದ ಕೆಲಸ ಬಂದಾಗ ಹಿಡಿಯುತ್ತಿತ್ತು, ಬೇಕಾದ ಕಡೆ ಹೋಗುವಾಗ ಬಿಡುತ್ತಿತ್ತು. ಇದು ಮನೆಯವರಿಗೆಲ್ಲ ಗೊತ್ತಿದ್ದ ಸಂಗತಿ.

ಅಗಲದ ಪ್ರಶ್ನೆ ಬಂದದ್ದು ಆಗ. ಹಿತ್ತಲಿನಿಂದ ಸಂತೆಗೆ ಗಾಡಿ ಹೋಗಬಹುದಾದ ದಾರಿ ಒಂದೇ, ಗಲ್ಲಿ. ಹಿಂದುಗಡೆ ಉತ್ತ ಹೊಲ, ಅದರಾಚೆ ಒಂದೇ ಹಲಗೆಯ ಸೇತುವೆಯಿರುವ ಕಾಲುವೆ. ಗಲ್ಲಿಯಲ್ಲಿ ಎಲ್ಲಕ್ಕಿಂತ ಇಕ್ಕಟ್ಟಾದ ಜಾಗವೆಂದರೆ ಮೂಲೆಮನೆಯ ಗೋಡೆಗೂ ದೀಪದ ಕಂಬಕ್ಕೂ ನಡುವೆ.

"ಅದನ್ನ ಅಳೆದುಕೊಂಡು ಬಾ. ಎಷ್ಟು ಅಂತ ಹೇಳು, ಅಷ್ಟು ಕೊಯ್ತೀನಿ" ಎಂದ ಮೈದುನ. ಅವನ ಕಸುಬೇ ಹಾಗೆ. ಗಿರಾಕಿ ಇಷ್ಟುದ್ದ ಎಂದರೆ ಅಷ್ಟುದ್ದ. ಯಾಕೆ, ಏನು ಎಂದು ಅವನು ಕೇಳಿದವನಲ್ಲ.

ಟೈಲರಮ್ಮ ಕತ್ತಿನಿಂದ ಟೇಪು ತೆಗೆದು, ಕಂಬದಿಂದ ಗೋಡೆಗೆ ಎಳೆದಳು. ಮೂಲೆಮನೆಯ ಅಜ್ಜ ಜಗಲಿಯ ಮೇಲೆ ಕೂತು, "ಏನಮ್ಮ, ಗಲ್ಲಿಗೂ ಬಟ್ಟೆ ಹೊಲೀತೀಯಾ?" ಎಂದ. ಅವಳು ಟೇಪು ಓದಿ, ಕಣ್ಣನ್ನು ಅರೆಗಳಿಗೆ ಮುಚ್ಚಿ, ಗಿರಾಕಿಯ ಎದೆಯಳತೆ ಹೇಳುವ ಅದೇ ರಾಗದಲ್ಲಿ ಗಲ್ಲಿಯ ತುದಿಗೆ ಕೇಳುವಂತೆ ಕೂಗಿದಳು. ತುದಿಯಲ್ಲಿ ನಿಂತಿದ್ದ ಮೈದುನ ಅದನ್ನು ಕೈಯಲ್ಲಿದ್ದ ಹಲಗೆಯ ಮೇಲೆ ಸೀಸದಕಡ್ಡಿಯಿಂದ ಗೀರಿಕೊಂಡ.

ಗಾಡಿ ಎದ್ದುನಿಂತಿತು. ಹಲಗೆಗಳು ಏಣಿಗಳಿಗೆ ಅಡ್ಡಡ್ಡ ಕೂತವು. ಎರಡೂ ಕಡೆ ಏಣಿಯಿಂದ ಒಂದೊಂದು ಗೇಣು ಹೊರಗೆ ಚಾಚಿಕೊಂಡವು, ಬಟ್ಟೆ ಹರಡಿ ಕತ್ತರಿಸಲು. ಅವುಗಳ ತುದಿಗಳನ್ನೆಲ್ಲ ಹಿಡಿದಿಡಲು ಕೆಳಗೆ ಉದ್ದಕ್ಕೆ ಒಂದು ಪಟ್ಟಿ. ಏಣಿಗಳ ನಾಲ್ಕು ಮೂಲೆಗೆ ನಾಲ್ಕು ಕೋಲು, ಬೆಣೆ ಹೊಡೆದು ಬಿಗಿದದ್ದು. ಗಂಡ ಲಾರಿಯಿಂದ ಬಿಚ್ಚಿಕೊಟ್ಟಿದ್ದ ಹಳೆಯ ಟಾರ್ಪಾಲನ್ನು ಟೈಲರಮ್ಮ ಮಾಡಿಗೆ ತಕ್ಕಂತೆ ಕತ್ತರಿಸಿ ಹೊಲಿದಳು. ಬಹಳ ದಿನದ ಮೇಲೆ ಮಿಷಿನ್ನು ದಪ್ಪ ಬಟ್ಟೆ ಕಚ್ಚಿ ಗುರುಗುಟ್ಟಿತು. ಉಳಿದ ತುಂಡನ್ನು ಅವಳು ಸುತ್ತಿ ದಾರದ ಡಬ್ಬಿಯ ಪಕ್ಕ ಇಟ್ಟಳು. ಬಟ್ಟೆ ಎಸೆದು ಗೊತ್ತಿದ್ದವಳಲ್ಲ.

ಉಜ್ಜಲು ಒರಟು ಉಪ್ಪುಕಾಗದ, ಆಮೇಲೆ ನಯ ಕಾಗದ. ಪೆಟ್ಟಿಗೆಯ ಹಲಗೆಯ ಕಪ್ಪು ಹೋಗಿ ಒಳಗಿನ ಜೇನುಬಣ್ಣ ಮೇಲೆ ಬಂತು. ಮೈದುನ ಹಲಗೆಗಳ ತುದಿಯನ್ನು ಕೀಸುಳಿಯಿಂದ ದುಂಡಗೆ ಮಾಡಿ, ಕೈಯಾಡಿಸಿ, ಮತ್ತೆ ಕೈಯಾಡಿಸಿ ಸುಖಪಟ್ಟ. ಬಣ್ಣ ಬಂದಾಗ ಮಾತ್ರ ಜಗಳವಾಯಿತು. ಯಾರದೋ ಬಾಗಿಲಿಗೆ ಹಚ್ಚಿ ಉಳಿದಿದ್ದ ನೀಲಿಯನ್ನು ಟೈಲರಮ್ಮ ತಂದಿದ್ದಳು.

"ಏಣಿಗೆ ಬಣ್ಣ ಹಚ್ಚೋ ಹಾಗಿಲ್ಲ" ಎಂದ ಅವನು.

"ಇದು ಗಾಡಿ."

"ಮೇಲೆ ಗಾಡಿ, ಕೆಳಗೆ ಏಣಿ. ಬಣ್ಣ ಹಚ್ಚಿದ್ರೆ ಬಿರುಕು ಬಿಟ್ಟಿದ್ದು ಕಾಣಲ್ಲ. ನಂಬಿ ಹತ್ತಿದೋನು ಬೀಳ್ತಾನೆ."

"ಇದನ್ನ ಯಾರೋ ಹತ್ತೋದು?"

"ಯಾರೂ ಹತ್ತಲ್ಲ. ಆದ್ರೂ ಹಚ್ಚಲ್ಲ."

ಕಡೆಗೆ ಏಣಿಗಳಿಗೆ ಎಣ್ಣೆ, ಹಲಗೆಗೆ ನೀಲಿ ಎಂದು ತೀರ್ಮಾನವಾಯಿತು. ಚಕ್ರಕ್ಕೆ ಪಂಕ್ಚರ್ ಅಂಗಡಿಯವನು ತಾನಾಗಿಯೇ ಬಂದು ಬೆಳ್ಳಿ ಬಣ್ಣ ಬಳಿದ. ಬಿಸಿಲಲ್ಲಿ ಒಣಗುತ್ತ ನಿಂತ ಗಾಡಿಯನ್ನು ಮೂವರೂ ಒಬ್ಬರಿಗೊಬ್ಬರು ತಿಳಿಯದ ಹಾಗೆ ಮತ್ತೆ ಮತ್ತೆ ಬಂದು ನೋಡಿಹೋದರು. ಅತ್ತೆ ಎರಡು ಸಲ ಬಂದಳು. ಎರಡು ಸಲವೂ ಕೋಳಿ ಹುಡುಕುತ್ತಿದ್ದೇನೆ ಎಂದಳು. ಆ ಮನೆಯಲ್ಲಿ ಕೋಳಿ ಸಾಕುತ್ತಿರಲಿಲ್ಲ.

ಸಂತೆಯ ಹಿಂದಿನ ಸಂಜೆ ಹಿತ್ತಲ ಕಣದಲ್ಲಿ ಓಡಿಸಿ ನೋಡಿದರು. ಟೈಲರಮ್ಮ ಹಿಡಿ ಹಿಡಿದು ತಳ್ಳಿದಳು. ಗಾಡಿ ನೆಟ್ಟಗೆ ಹೋಯಿತು. ಬೇರೆ ಬೇರೆ ಮನೆಯ ಚಕ್ರಗಳು ಹೊಂದಿಕೊಂಡು ಉರುಳಿದವು. ಅವಳಿಗೆ ಓಡಬೇಕೆನಿಸಿತು, ಓಡಿದಳು.

"ಭಾರ ಹಾಕಿ ನೋಡ್ಬೇಕು" ಎಂದ ಪಂಕ್ಚರ್ ಅಂಗಡಿಯವನು. ಎಲ್ಲರೂ ಅತ್ತೆಯನ್ನು ನೋಡಿದರು.

"ನನ್ನ ಪೆಟ್ಟಿಗೆ ಮೇಲೆ ನನ್ನನ್ನೇ ಹೇರ್ತೀರಾ" ಎನ್ನುತ್ತಲೇ ಅತ್ತೆ ಕೈ ಚಾಚಿದಳು. ಮೈದುನ ಎತ್ತಿ ಕೂರಿಸಿದ. ಒಂದು ಕೋಲನ್ನು ಬಿಗಿಯಾಗಿ ಅಪ್ಪಿಕೊಂಡು, "ನಿಧಾನ, ನಿಧಾನ, ಅಯ್ಯೋ ನಿಧಾನ" ಎನ್ನುತ್ತ ಕಣವನ್ನು ಒಂದು ಸುತ್ತು ಬಂದಳು. ಗಾಡಿ ನಿಂತಿತು. ಅತ್ತೆ ಇಳಿಯಲಿಲ್ಲ.

"ಒಂದು ಸುತ್ತಿಗೆ ಏನು ಗೊತ್ತಾಗುತ್ತೆ? ಇನ್ನೊಂದು ಸಲ ನೋಡಿ."

ಸಂತೆಯ ಬೆಳಿಗ್ಗೆ ಮೂಡಣ ಇನ್ನೂ ಬೂದಿಬಣ್ಣದಲ್ಲಿದ್ದಾಗ ಮಿಷಿನ್ನಿನ ತಲೆಯನ್ನು ಬಿಚ್ಚಿ, ಕೈಯಲ್ಲಿ ತಿರುಗಿಸುವ ಹಿಡಿ ಸಿಗಿಸಿ, ಗಾಡಿಯ ಮೇಲೆ ಬಿಗಿದರು. ದಾರದ ಡಬ್ಬಿ, ಅದರ ಪಕ್ಕದಲ್ಲಿದ್ದ ಟಾರ್ಪಾಲಿನ ಸುರುಳಿ, ಕತ್ತರಿ, ಗುಂಡಿಯ ಬಾಟಲಿ, ಕೂರಲು ಎತ್ತರದ ಸ್ಟೂಲು. ಟೈಲರಮ್ಮ ಸೀರೆಯ ಮೇಲೆ ಒಗೆದ ಅಂಗಿ ತೊಟ್ಟು, ಕತ್ತಿಗೆ ಟೇಪು ಹಾಕಿಕೊಂಡಳು. ಬೇಕಾದಷ್ಟು ಹೊತ್ತಿತ್ತು. ಗಾಡಿ ಗಲ್ಲಿಗೆ ಇಳಿಯಿತು. ಬಾಗಿಲುಗಳಲ್ಲಿ ತಲೆಗಳು ಕಂಡವು.

"ಏಣಿ, ಏನೋ ಇದು, ಏಣಿಗೆ ಮದುವೆ ಮಾಡಿಸಿದ್ದೀಯಾ?"

"ಎರಡಕ್ಕೂ ಒಂದೇ ಚಪ್ಪರದಲ್ಲಿ" ಎಂದ ಮೈದುನ ಟಾರ್ಪಾಲು ತೋರಿಸಿ. ಅವನ ಕಾಲು ನೆಲದ ಮೇಲಿರಲಿಲ್ಲ.

ಮೂಲೆಮನೆಯ ಹತ್ತಿರ ಗಾಡಿ ಗೋಡೆಗೂ ಕಂಬಕ್ಕೂ ನಡುವೆ ಮೂಗು ತೂರಿಸಿತು. ಟಕ್ ಎಂದಿತು. ನಿಂತಿತು.

ಮೈದುನ ಸ್ವಲ್ಪ ಹಿಂದೆ ಎಳೆದು, ಓರೆ ಮಾಡಿ, ಮತ್ತೆ ತಳ್ಳಿದ. ಟಕ್. ಅವನ ಅಂಗಿಯ ತೋಳು ಗೋಡೆಯ ಒರಟಿಗೆ ಸಿಕ್ಕಿ ಉದ್ದಕ್ಕೆ ಹರಿಯಿತು, ಅವನಿಗೆ ಗೊತ್ತೂ ಆಗಲಿಲ್ಲ. ಬಾಗಿ ನೋಡಿದ. ನಾಲ್ಕು ಬೆರಳು. ನಾಲ್ಕು ಬೆರಳಿನಷ್ಟು ಗಾಡಿ ಹೆಚ್ಚಿಗೆ ಇತ್ತು.

"ಕಂಬ ಸರಿದಿದೆ" ಎಂದ.

"ಹೌದಪ್ಪ. ನಿನ್ನೆ ರಾತ್ರಿ ಎದ್ದು ಓಡಾಡ್ತಿತ್ತು, ನಾನೇ ನೋಡಿದೆ" ಎಂದ ಮೂಲೆಮನೆಯ ಅಜ್ಜ.

ಹಿಂದಿನಿಂದ ಹಾಲಿನವನ ಸೈಕಲ್ಲು ಬಂದು ನಿಂತಿತು. ತರಕಾರಿ ಬುಟ್ಟಿ ಹೊತ್ತ ಹೆಂಗಸು ನಿಂತಳು. ಅಡ್ಡ ಮಲಗಿಸಿ ಹೊತ್ತುಕೊಂಡು ಹೋಗಿ ಎಂದ ಹಾಲಿನವನು. ಅಡ್ಡ ಮಲಗಿಸಿದರೆ ಆಳೆತ್ತರದ ಕೋಲುಗಳು ಗಲ್ಲಿಗೇ ಅಡ್ಡ ಬರುತ್ತಿದ್ದವು. ಕೋಲು ಕಿತ್ತುಬಿಡಿ ಎಂದಳು ತರಕಾರಿಯವಳು. ಬೆಣೆ ಹೊಡೆದ ಕೋಲುಗಳು. ಮುರಿಯಬೇಕೇ ಹೊರತು ಬಿಚ್ಚುವಂತಿಲ್ಲ.

"ಅತ್ತಿಗೆ, ನೀನು ಹೇಳಿದಷ್ಟೇ ನಾನು ಕೊಯ್ದಿದ್ದು" ಎಂದ ಮೈದುನ.

ಟೈಲರಮ್ಮ ಟೇಪು ಎಳೆದಳು. ಗೋಡೆಯಿಂದ ಕಂಬಕ್ಕೆ. ಓದಿದಳು. ಆಮೇಲೆ ಗಾಡಿಯ ಅಗಲಕ್ಕೆ ಎಳೆದಳು. ಟೇಪು ಹಿಡಿದ ಕೈ ಹಾಗೇ ನಿಂತಿತು.

ಸಂಗತಿ ಮೊದಲು ಹೊಳೆದದ್ದು ಅತ್ತೆಗೆ. "ಇವಳು ಹೊಲಿದ ಅಂಗಿ ಒಳಗೆ ನಾನೂ ಹಿಡಿಸ್ತೀನಿ, ನನ್ನ ಸಿಟ್ಟೂ ಹಿಡಿಸುತ್ತೆ ಅಂತ ಎಷ್ಟು ಸಲ ಹೇಳಿದ್ದೀನಿ. ಮೈಯಳತೆ ತಗೊಂಡ್ರೆ ಹೊಲಿಗೆಗಿಷ್ಟು, ಸಡಿಲಕ್ಕಿಷ್ಟು ಅಂತ ಸೇರಿಸಿಯೇ ಬಾಯಿಬಿಡೋದು. ಗಲ್ಲಿಗೂ ಹಾಗೇ ಸೇರಿಸಿದ್ದಾಳೆ. ಗಲ್ಲೀನ ಮೈ ಅಂದ್ಕೊಂಡು ಗಾಡೀನ ಅಂಗಿ ಮಾಡಿದ್ದಾಳೆ."

ಅದು ನಿಜವಾಗಿತ್ತು. ಅಂಗಿ ಮೈಯನ್ನು ಸುತ್ತಿಕೊಳ್ಳಬೇಕು, ಆದ್ದರಿಂದ ಕೂಡಿಸಬೇಕು. ಗಾಡಿ ಗಲ್ಲಿಯೊಳಗೆ ನುಸುಳಬೇಕು, ಆದ್ದರಿಂದ ಕಳೆಯಬೇಕಿತ್ತು. ಇಷ್ಟು ವರ್ಷ ಕೂಡಿಸಿಯೇ ಹೇಳಿ ರೂಢಿಯಾದ ಬಾಯಿ ಆ ದಿನವೂ ಕೂಡಿಸಿಯೇ ಹೇಳಿತ್ತು.

"ನಾನೂ ಒಂದು ಬೆರಳು ಜಾಸ್ತಿ ಬಿಟ್ಟಿದ್ದೆ" ಎಂದ ಮೈದುನ ನೆಲ ನೋಡುತ್ತ. "ಕಡೆಗೆ ಕೊಯ್ಯೋಣ ಅಂತ. ಆಮೇಲೆ ದುಂಡಗೆ ಚೆನ್ನಾಗಿ ಬಂತಲ್ಲ, ಮನಸ್ಸು ಬರಲಿಲ್ಲ."

"ಇಬ್ಬರೂ ಧಾರಾಳಿಗಳು" ಎಂದ ಅಜ್ಜ.

ಸಂತೆಯ ದಿಕ್ಕಿನಿಂದ ಲಾರಿಯೊಂದರ ಹಾರನ್ನು ಕೇಳಿತು. ಬೂದಿಬಣ್ಣ ತಿಳಿಯಾಗುತ್ತಿತ್ತು. ಅತ್ತೆ ಊರುಗೋಲು ಹಿಡಿದು ಕಂಬದ ಹಿಂದಿನ ಸಂದಿಯಲ್ಲಿ ಮೈ ಹಿಡಿಮಾಡಿ ನುಸುಳಿ ಆಚೆ ಹೋದಳು.

"ಎಲ್ಲಿಗೆ ಅತ್ತೆ?"

"ಸಂತೆಗೆ. ನಿಮ್ಮನ್ನ ಕಾಯ್ತಾ ಕೂತ್ರೆ ನನ್ನ ಮೊಣಕಾಲು ಹಿಡ್ಕೊಳ್ಳುತ್ತೆ." ಹೋದ ವೇಗ ನೋಡಿದರೆ ಆ ಮೊಣಕಾಲಿಗೆ ಏನೂ ಆಗಿರಲಿಲ್ಲ.

ಮೈದುನ ಮನೆಗೆ ಓಡಿ ಗರಗಸ, ಸುತ್ತಿಗೆ, ಸಣ್ಣ ಮೊಳೆಯ ಡಬ್ಬಿ ತಂದ. ಜೀವಮಾನದಲ್ಲಿ ಮೊದಲ ಸಲ ಅವನ ಕೈಯಲ್ಲಿ ಮೊಳೆ ಕಂಡು ಗಲ್ಲಿ ಬೆರಗಾಯಿತು. ಹಲಗೆಗಳ ತುದಿಯಿಂದ ನಾಲ್ಕು ಬೆರಳು ಒಳಕ್ಕೆ ಗರಗಸ ಇಟ್ಟ.

"ಅಲ್ಲಿ ಬೇಡ" ಎಂದಳು ಟೈಲರಮ್ಮ.

"ಮತ್ತೆ?"

ಅವಳು ಬಾಗಿ ಹಲಗೆಯ ಕೆಳಗೆ ಕೈಹಾಕಿ ಏಣಿಯ ಅಂಚನ್ನು ತಡವಿದಳು, ತುದಿಯ ಪಟ್ಟಿಯನ್ನು ತಡವಿದಳು. ಅಂಗಿಯೊಂದು ಉದ್ದವಾಗಿದ್ದಾಗ ಅವಳು ಎಂದಾದರೂ ಕತ್ತರಿಸಿ ಎಸೆದದ್ದುಂಟೆ? ಒಳಕ್ಕೆ ಮಡಚುತ್ತಾಳೆ. ಜೇಬಿನಿಂದ ಬಟ್ಟೆ ಗುರುತಿಸುವ ಬಿಲ್ಲೆ ಬಳಪ ತೆಗೆದು, ಏಣಿಯ ಅಂಚಿಗೆ ಒತ್ತಿ, ನೀಲಿಯ ಮೇಲೆ ಬೆಳ್ಳಗೆ ಒಂದೇ ಗೆರೆ ಎಳೆದಳು. ಗೇಣು ಅಗಲ ಪೂರ್ತಿ ಹೊರಗೆ ಬಿತ್ತು.

"ಇಲ್ಲಿ ಕೊಯ್ಯಿ."

"ಅತ್ತಿಗೆ, ಅಷ್ಟು ಯಾಕೆ? ಬೇಕಾಗಿರೋದು ನಾಲ್ಕು ಬೆರಳು."

"ನಾಲ್ಕು ಬೆರಳು ಕೊಯ್ದ್ರೆ ಒಲೆಗೆ ಕಡ್ಡಿ. ಗೇಣು ಕೊಯ್ದ್ರೆ ಒಂದು ಅಂಚು. ಕೆಳಗೆ ಪಟ್ಟಿ ಇದೆ, ತುಂಡುಗಳು ಚದುರಲ್ಲ. ಗಲ್ಲೀಲಿ ಮಡಚ್ತೀವಿ, ಸಂತೇಲಿ ಬಿಡಿಸ್ತೀವಿ. ಟಾರ್ಪಾಲು ಉಳಿದಿದೆಯಲ್ಲ, ಅದರಲ್ಲಿ ಸೇರಿಸೋಣ."

ಅವನು ಗೆರೆಯ ಉದ್ದಕ್ಕೂ ಬೆರಳೆಳೆದು ನೋಡಿದ. ಆಮೇಲೆ ಗರಗಸ ಗೆರೆಯ ಮೇಲೆ ಕೂತಿತು.

ಮಿಷಿನ್ನನ್ನು ಅಜ್ಜನ ಜಗಲಿಯ ಮೇಲಿಟ್ಟರು. ಹಾಲಿನವನು ಸೈಕಲ್ಲು ಬಿಟ್ಟು ಬಂದು ಗಾಡಿಯನ್ನು ಒಂದು ಕಡೆ ಅದುಮಿ ಹಿಡಿದ. ತರಕಾರಿಯವಳು ಬುಟ್ಟಿ ಇಳಿಸಿ, ಬೀಳಲಿರುವ ಅಂಚನ್ನು ಕೆಳಗಿನಿಂದ ತಾಂಗಿದಳು. ಗರಗಸ ಒಂದೊಂದೇ ಹಲಗೆ ದಾಟಿತು, ಪ್ರತಿ ಹಲಗೆ ದಾಟಿದಾಗಲೂ ಸದ್ದು ಬದಲಾಯಿತು. ಟೈಲರಮ್ಮ ಅಷ್ಟರಲ್ಲಿ ಟಾರ್ಪಾಲಿನ ತುಂಡನ್ನು ಎರಡು ಮಡಿಕೆ ಮಾಡಿ, ದಪ್ಪ ಸೂಜಿಯಲ್ಲಿ ಅಂಚುಗಳಿಗೆ ಓಡುಹೊಲಿಗೆ ಹಾಕುತ್ತಿದ್ದಳು. ಸೂಜಿ ಬೆರಳಿಗೆ ಚುಚ್ಚಿತು, ಬಾಯಲ್ಲಿಟ್ಟುಕೊಂಡು ಮುಂದುವರಿಸಿದಳು.

ಅಂಗಡಿ ತೆರೆಯಲು ಹೊರಟಿದ್ದ ಪಂಕ್ಚರ್ ಅಂಗಡಿಯವನು ಗುಂಪು ನೋಡಿ ಓಡಿ ಬಂದ. "ಬರೀ ಮೊಳೆ ಹೊಡೆದ್ರೆ ಬಟ್ಟೆ ಹರಿಯುತ್ತೆ" ಎಂದು ಚೀಲದಿಂದ ಹಳೆಯ ಟ್ಯೂಬು ತೆಗೆದು ಕಚಕಚನೆ ಚೂರು ಮಾಡಿದ. ಒಂದೊಂದು ಮೊಳೆಯ ತಲೆಯ ಕೆಳಗೂ ಒಂದೊಂದು ರಬ್ಬರು ಚೂರು. ಮೈದುನನ ಸುತ್ತಿಗೆ ಹಲಗೆಯ ಈ ಕಡೆಗೊಂದು ಆ ಕಡೆಗೊಂದು ಬೀಳುತ್ತ ಹೋಯಿತು. ಕಡೆಯ ಮೊಳೆ ಕೂತ ಮೇಲೆ ಎಲ್ಲರೂ ಕೈ ತೆಗೆದರು. ತರಕಾರಿಯವಳು ಮಾತ್ರ ಅಂಚು ಹಿಡಿದೇ ಇದ್ದಳು.

"ಬಿಡಮ್ಮ" ಎಂದಳು ಟೈಲರಮ್ಮ.

ಅಂಚು ಮೆಲ್ಲಗೆ ಕೆಳಗೆ ಇಳಿದು, ಏಣಿಗೆ ಒರಗಿ, ತೆಪ್ಪಗೆ ತೂಗಿ ನಿಂತಿತು.

ಮಿಷಿನ್ನು ಮೇಲೇರಿತು. ಟೈಲರಮ್ಮ ಹಿಡಿ ಹಿಡಿದಳು. ಗಾಡಿ ಗೋಡೆಗೂ ಕಂಬಕ್ಕೂ ನಡುವೆ ಹೊಕ್ಕಿತು. ಎರಡೂ ಕಡೆ ಒಂದಿಷ್ಟೇ ಬೆಳಕು ಬಿಟ್ಟುಕೊಂಡು, ಕಾಜಾದೊಳಗೆ ಗುಂಡಿ ಹೋದ ಹಾಗೆ, ಆಚೆ ಹೊರಟಿತು. ಹಿಂದೆ ಗಲ್ಲಿ ಒಟ್ಟಿಗೆ ಉಸಿರು ಬಿಟ್ಟಿತು. ಅವಳು ತಿರುಗಿ ನೋಡಲಿಲ್ಲ, ಓಡಿದಳು. ಗುಂಡಿಯ ಬಾಟಲಿ ಗಿಲಗಿಲ ಎನ್ನುತ್ತಿತ್ತು. ಪಕ್ಕದಲ್ಲಿ ಮೈದುನ, ಹರಿದ ತೋಳು ಹಾರಿಸಿಕೊಂಡು, ಕೈಯಲ್ಲಿ ಎರಡು ಏಣಿ ಮೆಟ್ಟಿಲು ಹಿಡಿದು ಓಡುತ್ತಿದ್ದ. ಚಕ್ರಕ್ಕೆಂದು ಏಣಿಗಳಿಂದ ಕೊಯ್ದು ತೆಗೆದ ಮೆಟ್ಟಿಲುಗಳು ಅವು, ಅಷ್ಟರಲ್ಲೇ ಮನೆಗೆ ಓಡಿ ತಂದಿದ್ದ.

"ಅದ್ಯಾಕೋ?"

"ಅಂಚು ಎತ್ತಿದಾಗ ಆನಿಸೋಕೆ. ಈಗ ಮಾತಾಡಿಸ್ಬೇಡ ಅತ್ತಿಗೆ, ಉಸಿರಿಲ್ಲ."

ಸಂತೆಯ ಗೇಟು ಮುಚ್ಚಿಯೇ ಇತ್ತು. ಹೊರಗೆ ಜನ, ಗಾಡಿ, ಬುಟ್ಟಿ, ಮೇಕೆ ಎಲ್ಲ ಒತ್ತಾಗಿ ನಿಂತು ಗೊಣಗುತ್ತಿದ್ದವು. ಎಲ್ಲರಿಗಿಂತ ಮುಂದೆ ರೆಡಿಮೇಡಿನವನ ಗಾಡಿ. ಹೊರಕ್ಕೆ ತೆರೆಯುವ ಗೇಟಿನ ಬುಡದಲ್ಲಿ, ಸರಿಯಾಗಿ ಬಾಗಿಲು ತಿರುಗುವ ಜಾಗದಲ್ಲಿ, ಅತ್ತೆ ಕಾಲು ಚಾಚಿ ಕೂತಿದ್ದಳು.

"ಏಳಜ್ಜಿ. ಹೊತ್ತಾಯ್ತು" ಎನ್ನುತ್ತಿದ್ದ ಮೇಸ್ತ್ರಿ.

"ಏಳ್ತೀನಪ್ಪ. ಮೊಣಕಾಲು ಹಿಡ್ಕೊಂಡಿದೆ. ನಿಮ್ಮಮ್ಮಂಗೂ ಹೀಗೇ ಆಗ್ತಿತ್ತು, ನೆನಪಿದೆಯಾ? ಅವಳು ಒಂದು ಎಣ್ಣೆ ಹಚ್ತಿದ್ಳು, ಅದೇನದು..."

"ಆಗಿನಿಂದ ಇದೇ ಎಣ್ಣೆ ಕಥೆ" ಎಂದ ರೆಡಿಮೇಡಿನವನು.

ಬೆಳ್ಳಿ ಚಕ್ರ ಕಣ್ಣಿಗೆ ಬಿದ್ದದ್ದೇ ತಡ, ಅತ್ತೆ ಯಾರ ಕೈಯೂ ಹಿಡಿಯದೆ ಎದ್ದು ಬಟ್ಟೆ ಕೊಡವಿಕೊಂಡಳು. "ಬಿಡ್ತು ನೋಡು" ಎಂದಳು.

ಮೇಸ್ತ್ರಿ ಅತ್ತೆಯನ್ನು ನೋಡಿದ, ಗಾಡಿಯನ್ನು ನೋಡಿದ, ಏದುಸಿರು ಬಿಡುತ್ತಿದ್ದ ಟೈಲರಮ್ಮನನ್ನು ನೋಡಿದ. ಅವನಿಗೆ ಅರ್ಥವಾಗದ್ದು ಏನೂ ಇರಲಿಲ್ಲ.

"ಆಗಲೇ ತೆಗೀಬೇಕಿತ್ತು ಮೇಸ್ತ್ರಿ" ಎಂದ ರೆಡಿಮೇಡಿನವನು.

"ನಾನು ಸೀಟಿ ಊದಿದ್ನಾ?"

"ಇಲ್ಲ, ಆದ್ರೆ..."

"ಊದಿಲ್ಲ ಅಲ್ವಾ." ಮೇಸ್ತ್ರಿ ಸೀಟಿಯನ್ನು ತುಟಿಗಿಟ್ಟು ಊದಿದ. ಗೇಟು ತೆರೆಯಿತು. "ನಲ್ಲಿ ಪಕ್ಕ ಟೈಲರಮ್ಮ. ನಡೀರಿ."

ನಲ್ಲಿಯ ಪಕ್ಕ ಗಾಡಿ ನಿಂತ ಮೇಲೆ ಮೈದುನ ಅಂಚನ್ನು ಎತ್ತಿ, ಎರಡು ಮೆಟ್ಟಿಲುಗಳನ್ನು ಕೆಳಗೆ ಆನಿಸಿದ. ನೀಲಿ ಮೇಜು ಅಗಲವಾಯಿತು. ಮೇಸ್ತ್ರಿ ದೂರದಿಂದಲೇ ತಿರುಗಿ ನಿಂತ.

"ಇದೇನಿದು, ಒಳಗೆ ಬಂದ ಮೇಲೆ ಬೆಳೀತು?"

"ಹೊಲಿಗೆಗೆ ಬಿಟ್ಟಿದ್ದು ಮೇಸ್ತ್ರಿ" ಎಂದಳು ಟೈಲರಮ್ಮ.

ಮೊದಲ ಹೊಲಿಗೆ ಮೈದುನನ ತೋಳಿಗೆ ಬೀಳಬೇಕಿತ್ತು. ಅವನು ಒಪ್ಪಲಿಲ್ಲ. ಗಿರಾಕಿ ಮೊದಲು ಎಂದ. ಗಿರಾಕಿ ಬಂದದ್ದು ಯಾರೂ ಎಣಿಸದ ಕಡೆಯಿಂದ. ಗೇಟಿನ ಆ ಬದಿಗೆ ನಿಂತಿದ್ದ ರೆಡಿಮೇಡಿನವನ ಹತ್ತಿರ ಒಬ್ಬ ಕುಳ್ಳ ಮನುಷ್ಯ ಪ್ಯಾಂಟು ಹಿಡಿದು, ಉದ್ದವಾಯಿತು, ಬೇಡ ಎನ್ನುತ್ತಿದ್ದ. ರೆಡಿಮೇಡಿನವನು ಅತ್ತಿತ್ತ ನೋಡಿ, ಗಂಟಲು ಸರಿಮಾಡಿಕೊಂಡು, "ಬೇಡ ಅನ್ಬೇಡಿ, ಅಗೋ ಅಲ್ಲಿ ನಲ್ಲಿ ಹತ್ರ ಮಡಚಿ ಹೊಲಿದುಕೊಡ್ತಾರೆ, ಈಗಲೇ ಆಗುತ್ತೆ" ಎಂದ. ಆ ಮನುಷ್ಯ ಬಂದ. ಪ್ಯಾಂಟು ನೀಲಿ ಹಲಗೆಯ ಮೇಲೆ ಹರಡಿಕೊಂಡಿತು. ಮಿಷಿನ್ನು ಬಟ್ಟೆ ಕಚ್ಚಿತು. ಅವನ ಹಿಂದೆ ಇನ್ನೊಬ್ಬ ನಿಂತ. ಇನ್ನೊಬ್ಬಳು. ಹೊತ್ತೇರುತ್ತಿದ್ದಂತೆ ಟೈಲರಮ್ಮ ತಲೆ ಎತ್ತುವುದನ್ನೇ ಬಿಟ್ಟಳು. ಅವಳ ಬಲಗೈ ತಿರುಗುತ್ತಲೇ ಇತ್ತು, ತುಟಿ ಮಾತ್ರ ನಗುತ್ತಿತ್ತು.

ಮೈದುನ ಗಾಡಿಯ ಪಕ್ಕ ನಿಂತು, ಬಂದವರೆಲ್ಲ ಗಾಡಿ ನೋಡುತ್ತಾರೋ ಇಲ್ಲವೋ ಎಂದು ನೋಡುತ್ತಿದ್ದ. ಮಧ್ಯಾಹ್ನ ತರಕಾರಿಯವಳು ಬುಟ್ಟಿ ಖಾಲಿ ಮಾಡಿ ಬಂದು, ಕೆಳಗೆ ಬಾಗಿ ಏಣಿಗಳನ್ನು ನೋಡಿ, "ನಂಗೂ ಇಂಥದ್ದೊಂದು ಮಾಡಿಕೊಡ್ತೀಯಾ ಏಣಿಯಪ್ಪ?" ಎಂದಳು.

"ಮಾಡ್ಕೊಡ್ತೀನಿ. ಎಷ್ಟು ಅಗಲ ಬೇಕು?"

"ನಂಗೇನು ಗೊತ್ತು? ನಿಮ್ಮತ್ತಿಗೆ ಅಳೆದುಕೊಡ್ತಾರಲ್ಲ."

ಅವನು ಮಿಷಿನ್ನಿನ ಕಡೆ ಒಮ್ಮೆ ನೋಡಿ, ದನಿ ತಗ್ಗಿಸಿದ. "ಅಳೀಲಿ. ಆದ್ರೆ ಹೇಳೋದು ನಮ್ಮಮ್ಮ ಹೇಳ್ಲಿ."

"ಕೇಳಿಸ್ತು" ಎಂದಳು ಟೈಲರಮ್ಮ, ತಲೆ ಎತ್ತದೆ.

ಸಂಜೆ ಸೀಟಿ ಊದಿದ ಮೇಲೆ ಗಾಡಿ ಗಲ್ಲಿಗೆ ವಾಪಸು ಬಂತು. ಮೈದುನ ತಳ್ಳಲು ಮುಂದೆ ಬಂದ. ಅವಳು ಕೊಡಲಿಲ್ಲ. ಮೂಲೆಮನೆಯ ಜಗಲಿಯಲ್ಲಿ ಅಜ್ಜ, ಅಜ್ಜನ ಪಕ್ಕ ಯಾವಾಗಲೋ ಸಂತೆಯಿಂದ ಹಿಂತಿರುಗಿದ್ದ ಅತ್ತೆ, ಬಾಗಿಲುಗಳಲ್ಲಿ ಬೆಳಗಿನವೇ ತಲೆಗಳು.

"ಮಡಚು, ಮಡಚು" ಎಂದಿತು ಗಲ್ಲಿ.

ಅವಳು ಗಾಡಿ ನಿಲ್ಲಿಸಿ, ಮೆಟ್ಟಿಲುಗಳನ್ನು ತೆಗೆದು ಕಂಕುಳಲ್ಲಿಟ್ಟು, ಅಂಚನ್ನು ಇಳಿಬಿಟ್ಟಳು. ಕೈಯಿಂದ ಒಮ್ಮೆ ಒತ್ತಿ ನೋಡಿದಳು, ಇಸ್ತ್ರಿ ಮಾಡಿದ ಮಡಿಕೆಯನ್ನು ಒತ್ತುವ ಹಾಗೆ. ಮೈದುನ ಎರಡೂ ಕೈಗಳನ್ನು ಬೆನ್ನ ಹಿಂದೆ ಕಟ್ಟಿಕೊಂಡು ಹಿಂದೆ ನಿಂತ. ತೋಳಿನ ಹರಿದ ಜಾಗದಲ್ಲಿ ಹೊಸ ಹೊಲಿಗೆ ನೆಟ್ಟಗೆ, ಒತ್ತಾಗಿ ಕಾಣುತ್ತಿತ್ತು.

ಗೋಡೆಗೂ ಕಂಬಕ್ಕೂ ನಡುವೆ ಅವಳು ಒಬ್ಬಳೇ ಗಾಡಿಯನ್ನು ತಳ್ಳಿಕೊಂಡು ಬಂದಳು. ಯಾವುದಕ್ಕೂ ತಾಗಲಿಲ್ಲ.